ತಿಪ್ಪೆಗೆ ಸಲ್ಲದ ಸೀಸೆ

ಮನೆಗೆ ಸಾಮಾನು ತರುವುದಕ್ಕೆ ಬುದ್ಧಿ ಬೇಕಾಗಿಲ್ಲ, ಕೈಯಲ್ಲೊಂದು ಚೀಲವಿದ್ದರೆ ಸಾಕು. ತಂದದ್ದನ್ನು ಮನೆಯಿಂದ ಆಚೆಗೆ ಸಾಗಿಸಬೇಕಾದರೆ ಮಾತ್ರ ಬುದ್ಧಿ, ಧೈರ್ಯ, ಕೈಚಳಕ, ಒಮ್ಮೊಮ್ಮೆ ಸ್ವಲ್ಪ ಕಪಟವೂ ಬೇಕಾಗುತ್ತದೆ. ಎಲ್ಲ ವಸ್ತುಗಳ ಮಾತಲ್ಲ ಇದು. ಹರಿದ ಸೀರೆ, ಪಂಚೆಗಳಿಗೆ ತಲೆಯ ಮೇಲೆ ಸ್ಟೀಲ್ ಪಾತ್ರೆ ಹೊತ್ತು ಬರುವ ಹೆಂಗಸಿದ್ದಳು. ತೂತು ಬಿದ್ದ ಕೊಳಗ, ಮೊಂಡು ಕುಡುಗೋಲು, ಹಳೆಯ ಪೇಪರು, ಖಾಲಿ ಸೀಸೆ ಇವುಗಳಿಗೆ ಸೈಕಲ್ಲಿನ ಎರಡೂ ಕಡೆ ಗೋಣಿಚೀಲ ತೂಗುಹಾಕಿಕೊಂಡು ಬರುವ ಗುಜರಿ ರಹಮಾನ್ ಸಾಬರಿದ್ದರು. ಬಾಳೆಹಣ್ಣಿನ ಸಿಪ್ಪೆಗೆ ಬೀದಿಯ ಯಾವ ಹಸುವೂ ಬೇಡವೆನ್ನುತ್ತಿರಲಿಲ್ಲ. ಆದರೆ ಸುಟ್ಟುಹೋದ ಬಲ್ಬು? ತೀರಿಹೋದ ಟಾರ್ಚಿನ ಸೆಲ್ಲು? ಒಡೆದ ಬಳೆ, ಹಲ್ಲುದುರಿದ ಬಾಚಣಿಗೆ, ಮೊಂಡಾದ ಬ್ಲೇಡು, ಒಂದು ಗಾಜು ಮಾತ್ರ ಉಳಿದ ಕನ್ನಡಕ? ಇವು ಮನೆಗೂ ಸಲ್ಲ, ಗುಜರಿಗೂ ಸಲ್ಲ, ಹಸುವಿಗಂತೂ ಸಲ್ಲವೇ ಸಲ್ಲ. ಒಮ್ಮೆ ನಾನು ಧೈರ್ಯ ಮಾಡಿ ರಹಮಾನ್ ಸಾಬರ ಮುಂದೆ ಸುಟ್ಟ ಬಲ್ಬೊಂದನ್ನು ಹಿಡಿದೆ. ಅವರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬಿಸಿಲಿಗೆ ಹಿಡಿದು ನೋಡಿ, ಮಗುವನ್ನು ತಾಯಿಗೆ ಒಪ್ಪಿಸುವಷ್ಟು ಜೋಪಾನವಾಗಿ ನನ್ನ ಕೈಗೇ ಕೊಟ್ಟರು. "ಇದ್ರೊಳಗೆ ಏನೈತೆ ಮೇಷ್ಟ್ರೇ? ಗಾಳಿ. ಗಾಳಿ ನಾನು ತಗೊಳಲ್ಲ" ಎಂದರು. ವಿಜ್ಞಾನದ ಮೇಷ್ಟ್ರಾದ ನಾನು, ಅದರಲ್ಲಿ ಗಾಳಿಯೂ ಇಲ್ಲ ಎಂದು ತಿದ್ದಲು ಬಾಯಿ ತೆರೆದು, ವ್ಯಾಪಾರ ಇನ್ನಷ್ಟು ಕೆಡುತ್ತದೆಂದು ಮುಚ್ಚಿಕೊಂಡೆ.

ನಾನು ಆಗ ಹುಣಸೂರಿನ ಹೈಸ್ಕೂಲೊಂದರಲ್ಲಿ ಕೆಲಸಕ್ಕಿದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಪ್ಲಾಸ್ಟಿಕ್ಕಿನ ಕೊಡ ಆಗತಾನೆ ಮೈಸೂರಿನಿಂದ ನಮ್ಮ ಬೀದಿಗೆ ಬಂದಿತ್ತು. ಬಿದ್ದರೂ ಒಡೆಯುವುದಿಲ್ಲ, ನೆಗ್ಗುವುದಿಲ್ಲ ಎಂದು ಹೆಂಗಸರು ಅದನ್ನು ಬೇಕೆಂದೇ ಬೀಳಿಸಿ ತೋರಿಸುತ್ತಿದ್ದರು. ಬಾಡಿಗೆ ಮನೆಯಲ್ಲಿ ನಾವು ಇದ್ದವರು ಮೂವರು: ನಾನು, ನನ್ನ ಹೆಂಡತಿ ಸರೋಜ, ನನ್ನ ಅವ್ವ. ಸರೋಜಳ ತವರು ಎಚ್.ಡಿ. ಕೋಟೆ. ಅವ್ವನದು ಕಂಪಲಾಪುರ. ಆಯಸ್ಸೆಲ್ಲ ದನ, ಹೊಲ, ತಿಪ್ಪೆ ಎಂದು ಓಡಾಡಿದ್ದವಳನ್ನು ಅಪ್ಪ ಹೋದ ಮೇಲೆ ನಾನು ಪೇಟೆಗೆ ಕರೆತಂದಿದ್ದೆ. ಪೇಟೆಯ ಸಿಮೆಂಟು ನೆಲ ಅವಳ ಮಂಡಿಗಳಿಗೆ ಒಗ್ಗಲಿಲ್ಲ. ಉಳಿದಂತೆ ಆಕೆ ಬೀದಿಗೆಲ್ಲ ಹಿರಿಯಳಾಗಿಬಿಟ್ಟಳು. ಮಗುವಿಗೆ ದೃಷ್ಟಿ ತೆಗೆಯಲು, ಬಾಣಂತಿಗೆ ಪಥ್ಯ ಹೇಳಲು, ಗಂಡಹೆಂಡಿರ ಜಗಳದಲ್ಲಿ ತೀರ್ಪು ಕೊಡಲು ಎಲ್ಲದಕ್ಕೂ ನಮ್ಮ ಅವ್ವನೇ. ಹಬ್ಬದ ದಿನ ಅವಳ ಕಾಲಿಗೆ ಬೀಳಲು ಬಂದವರಿಂದ ನಮ್ಮ ಜಗಲಿ ತುಂಬುತ್ತಿತ್ತು. ನನ್ನ ಕಾಲಿಗೆ ಯಾರೂ ಬೀಳುತ್ತಿರಲಿಲ್ಲ. ಪರೀಕ್ಷೆಯ ಹಿಂದಿನ ದಿನವೂ ಇಲ್ಲ.

ಬೀದಿಯ ಕಸ ಒಯ್ಯುತ್ತಿದ್ದವನು ಹೊಳೆಯಾಚೆಯ ಹಳ್ಳಿಯ ಬೋರೇಗೌಡ. ವಾರಕ್ಕೊಮ್ಮೆ ಎತ್ತಿನ ಗಾಡಿ ಕಟ್ಟಿಕೊಂಡು ಬಂದು, ಮನೆಮನೆಯ ಮುಂದಿಟ್ಟ ಕಸದ ಬುಟ್ಟಿಯನ್ನು ಗಾಡಿಗೆ ಸುರಿದುಕೊಂಡು ಹೋಗಿ ತನ್ನ ತಿಪ್ಪೆಗೆ ಹಾಕುತ್ತಿದ್ದ. ಸಗಣಿ, ಬೂದಿ, ಸಿಪ್ಪೆ, ಎಂಜಲೆಲೆ ಎಲ್ಲ ಅಲ್ಲಿ ಕೊಳೆತು ಗೊಬ್ಬರವಾಗಿ ಬೇಸಿಗೆಯ ಕೊನೆಗೆ ಅವನ ರಾಗಿ ಹೊಲ ಸೇರುತ್ತಿತ್ತು. ಅದಕ್ಕೆ ಪ್ರತಿಯಾಗಿ ಚಳಿಗಾಲದಲ್ಲಿ ಗಾಡಿಯ ಮೂಲೆಯಲ್ಲಿ ಅವರೆಕಾಯಿ ತಂದು ಪ್ರತಿ ಮನೆಗೂ ಒಂದಿಷ್ಟು ಸುರಿಯುತ್ತಿದ್ದ. ಸೊಗಡೆಂದರೆ ಅಂಥ ಸೊಗಡು! ಅಂದು ಬೀದಿಯ ತುಂಬ ಹಿತಕವರೆ ಸಾರಿನ ವಾಸನೆ. ಇಷ್ಟು ಒಳ್ಳೆಯ ವ್ಯವಸ್ಥೆಯನ್ನು ನಾವು ವಿದ್ಯಾವಂತರು ಹೇಗೆ ಬಳಸಿಕೊಂಡೆವೆಂದರೆ, ಗುಜರಿ ಸಾಬರು ಬೇಡವೆಂದದ್ದನ್ನೆಲ್ಲ ಬುಟ್ಟಿಯ ತಳಕ್ಕೆ ಹಾಕಿ, ಮೇಲೆ ನಾಲ್ಕು ಬದನೆಕಾಯಿ ತೊಟ್ಟು ಹರಡಿ ಇಡುತ್ತಿದ್ದೆವು. ಬೋರೇಗೌಡ ಬುಟ್ಟಿಯೊಳಗೆ ಇಣುಕಿ ನೋಡುವ ಮನುಷ್ಯನಲ್ಲ. ತಿಪ್ಪೆ ಎಲ್ಲವನ್ನೂ ಜೀರ್ಣಿಸಿಕೊಳ್ಳುತ್ತದೆ ಎಂದು ನಾವು ನಂಬಿದ್ದೆವು.

ಆ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಗಾಡಿ ಬರುವುದು ನಿಂತಿತು. ಒಂದು ವಾರ ಕಾದೆವು. ಇನ್ನೊಂದು ವಾರಕ್ಕೆ ಬುಟ್ಟಿಗಳು ತುಂಬಿ, ಬುಟ್ಟಿಯ ಪಕ್ಕ ಗುಡ್ಡೆಗಳೆದ್ದವು. ಗುಡ್ಡೆಗೆ ನಾಯಿ, ನಾಯಿಗೆ ಜಗಳ, ಎಲ್ಲಕ್ಕೂ ನೊಣ. ಪಕ್ಕದ ಮನೆಯ ನಿವೃತ್ತ ಶಿರಸ್ತೇದಾರ್ ಸುಬ್ಬರಾಯರು ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ಇದನ್ನು ಪುರಸಭೆಗೆ ಬರೆದು ಕೇಳಬೇಕು" ಎಂದರು. ಎದುರು ಮನೆಯ ಬಟ್ಟೆಯಂಗಡಿಯವರ ಹೆಂಡತಿ ನಂಜಮ್ಮನವರು, "ಬರೆಯೋರು ಬರೀರಿ, ಅಲ್ಲೀವರೆಗೂ ನಿಮ್ಮ ಗುಡ್ಡೆ ನಮ್ಮ ಬಾಗಿಲ ಕಡೆ ಜರುಗದ ಹಾಗೆ ನೋಡ್ಕೊಳ್ಳಿ" ಎಂದರು. ಸುಬ್ಬರಾಯರ ತಲೆಗೂದಲು ಅವರ ವಯಸ್ಸಿಗೆ ಹೊಂದದಷ್ಟು ಕಪ್ಪು. ನಂಜಮ್ಮನವರ ಕೂದಲು ಅವರ ವಯಸ್ಸಿಗೆ ಹೊಂದದಷ್ಟು ಬಿಳುಪು. ಅದಷ್ಟೇ ಅಲ್ಲ, ಇಬ್ಬರಿಗೂ ಯಾವ ವಿಷಯದಲ್ಲೂ ಸರಿಹೋಗುತ್ತಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಗಾಡಿಯ ಸದ್ದಾಯಿತು. ಎಲ್ಲರೂ ಬುಟ್ಟಿ ಹಿಡಿದು ಹೊರಗೆ ಬಂದರೆ, ಗಾಡಿ ಖಾಲಿಯಿರಲಿಲ್ಲ. ಬೋರೇಗೌಡನ ಹಿಂದೆ ಅವನ ಹೆಂಡತಿ ಸಾಕಮ್ಮ ಕೂತಿದ್ದಳು. ಒಂದು ಕಾಲಿಗೆ ಮೊಣಕಾಲ ತನಕ ಬಟ್ಟೆ ಸುತ್ತಿತ್ತು, ಮಡಿಲಲ್ಲೊಂದು ಮಂಕರಿ. ಬೋರೇಗೌಡ ನನ್ನ ಮುಖ ನೋಡಲಾರದೆ ಎತ್ತಿನ ಕೊಂಬು ಸವರುತ್ತ, "ನಾ ಬ್ಯಾಡ ಅಂದೆ ಕಣ್ರೀ ಮೇಷ್ಟ್ರೇ. ಇವ್ಳು ಕೇಳ್ನಿಲ್ಲ" ಎಂದ. ಸಾಕಮ್ಮ ಕೋಲೂರಿ ಇಳಿದು ನಮ್ಮ ಜಗಲಿಯ ಮೇಲೆ ಕೂತಳು. ಬೀದಿಯ ಮೊದಲ ಮನೆ ನಮ್ಮದು, ಹೊಂಗೆಯ ನೆರಳೂ ಇತ್ತು.

"ಒಸಿ ಕುಂತ್ಕತೀನಿ ಮೇಷ್ಟ್ರೇ, ಕಾಲು ಊರಕ್ಕಾಗಾಕಿಲ್ಲ" ಎಂದಳು. ಆಮೇಲೆ ಸೇರಿದವರನ್ನೆಲ್ಲ ಒಮ್ಮೆ ನೋಡಿ, ಮದುವೆಮನೆಯಲ್ಲಿ ತಾಂಬೂಲ ಕೊಡುವಷ್ಟು ನಯವಾಗಿ, "ನಿಮ್ಮ ಸಾಮಾನೆಲ್ಲ ನಮ್ ತಿಪ್ಪೇಲಿ ಸೇರ್ಕಂಡವೆ. ಪಾಪ, ತಿಳೀದೆ ಬಿದ್ದೋಗಿರ್ಬೇಕು, ಎಷ್ಟು ಉಡುಕ್ತಾವ್ರೋ ಏನೋ ಅಂತ ವಾಪಸ್ ತಂದಿವ್ನಿ. ಗುರುತು ಇಡ್ದು ತಗಳಿ" ಎಂದಳು.

ಮಂಕರಿಯಿಂದ ಒಂದೊಂದಾಗಿ ವಸ್ತುಗಳು ನಮ್ಮ ಜಗಲಿಯ ಮೇಲೆ ಬಂದು ಕೂತವು. ಬಲ್ಬುಗಳು, ತುಕ್ಕು ಹಿಡಿದ ಸೆಲ್ಲುಗಳು, ಬಳೆಚೂರು, ಪ್ಲಾಸ್ಟಿಕ್ ಗೊಂಬೆಯ ಒಂದು ಕಾಲು, ಚಪ್ಪಲಿಯ ಅಟ್ಟೆ, ಯಾರದೋ ಕಟ್ಟಿಸಿಕೊಂಡ ಹಲ್ಲಿನ ಅರ್ಧ ಸೆಟ್ಟು. ಬೀದಿಗೆ ಬೀದಿಯೇ ಬಾಗಿ ನೋಡಿತು, ಬೀದಿಗೆ ಬೀದಿಯೇ "ನಮ್ಮದಲ್ಲ" ಎಂದಿತು. ಆ ಹಲ್ಲಿನ ಸೆಟ್ಟು ಯಾರದೂ ಅಲ್ಲವಾದರೆ ಹುಣಸೂರಿನ ಯಾವ ಬಾಯಿಂದ ಬಿತ್ತೋ ನನಗೆ ಇಂದಿಗೂ ತಿಳಿಯದು. ಯಾರೂ ಮುಂದೆ ಬಾರದಿರಲು ಸಾಕಮ್ಮ ತಾನೇ ಅಂದಾಜಿನ ಮೇಲೆ ಹಂಚಲು ಶುರುಮಾಡಿದಳು. ಅವಳ ಅಂದಾಜು ಒಂದೂ ಸರಿಯಿರಲಿಲ್ಲ. ಗೊಂಬೆಯ ಕಾಲನ್ನು ಮಕ್ಕಳಿಲ್ಲದ ಮನೆಗೆ ಕೊಟ್ಟಳು. ಬಳೆಚೂರನ್ನು ಬ್ರಹ್ಮಚಾರಿಯೊಬ್ಬರ ಕೈಗಿಟ್ಟಳು, ಅವರು ಬೆಂಕಿ ಮುಟ್ಟಿದವರಂತೆ ಕೈ ಕೊಡವಿದರು. ತಲೆಗೆ ಹಚ್ಚುವ ಕಪ್ಪು ಬಣ್ಣದ ಸಣ್ಣ ಸೀಸೆಯೊಂದನ್ನು ನಂಜಮ್ಮನವರ ಕಡೆ ಚಾಚಿ, "ಇದು ನಿಮ್ದೇಯಾ ಅಕ್ಕಾವ್ರೇ?" ಎಂದಳು.

"ನನ್ನ ತಲೆ ನೋಡಿ ಹೇಳು ಸಾಕಮ್ಮ" ಎಂದರು ನಂಜಮ್ಮನವರು, ಸೆರಗು ಸರಿಸಿ.

ಎಲ್ಲರೂ ಅವರ ಬಿಳಿಯ ತಲೆ ನೋಡಿದರು. ಆಮೇಲೆ, ಯಾರೂ ಹೇಳದೆಯೇ, ಎಲ್ಲರೂ ಸುಬ್ಬರಾಯರ ತಲೆ ನೋಡಿದರು. ಸುಬ್ಬರಾಯರು ಆಕಾಶ ನೋಡಿದರು. "ಮೋಡ ಕಟ್ಟುತ್ತಾ ಇದೆ. ಈ ಸಲ ಮಳೆ ಬೇಗ" ಎಂದರು.

ನಗು ನಿಂತ ಮೇಲೆ ಸಾಕಮ್ಮ ಸೆರಗಿನ ಗಂಟು ಬಿಚ್ಚಿ, ಕಾಗದದಲ್ಲಿ ಸುತ್ತಿದ್ದ ಗಾಜಿನ ಚೂರೊಂದನ್ನು ಹೊರಗೆ ತೆಗೆದಳು. ಬೆರಳುದ್ದದ ಚೂರು, ಕುಡುಗೋಲಿನ ಮೊನೆಯಂತಿತ್ತು. "ಇದು ನನ್ನ ಹಿಮ್ಮಡೀಲಿತ್ತು" ಎಂದಳು. ಹೊಲಕ್ಕೆ ಗೊಬ್ಬರ ಹರಡುವಾಗ ಹೊಕ್ಕಿದ್ದಂತೆ. ಕಾಲು ಊದಿ, ಕೀವು ತುಂಬಿ, ಜ್ವರ ಬಂದು, ಆಸ್ಪತ್ರೆಯಲ್ಲಿ ಕೊಯ್ದು ತೆಗೆದಿದ್ದರು. ಇನ್ನೆರಡು ದಿನ ತಡೆದಿದ್ದರೆ ಪಾದವೇ ಹೋಗುತ್ತಿತ್ತು ಎಂದು ಡಾಕ್ಟರು ಬೈದರಂತೆ. ಇದನ್ನೆಲ್ಲ ಆಕೆ ಬೇರೆ ಯಾರದೋ ಕಾಲಿನ ಕತೆಯಂತೆ ಹೇಳಿದಳು. ಆಮೇಲೆ ಮಂಕರಿಯ ತಳದಿಂದ ಒಡೆದ ಸೀಸೆಯ ಕುತ್ತಿಗೆಯ ಭಾಗವನ್ನು ಎತ್ತಿ ಆ ಚೂರಿನ ಪಕ್ಕ ಇಟ್ಟಳು. ಬಣ್ಣ, ದಪ್ಪ ಎರಡೂ ಒಂದೇ. ಕುತ್ತಿಗೆಯ ಕೆಳಗೆ ಅರ್ಧ ಕೊಳೆತ ಚೀಟಿ ಅಂಟಿಕೊಂಡಿತ್ತು. ಸುಬ್ಬರಾಯರು ಕನ್ನಡಕ ಏರಿಸಿ ಓದಿದರು. "ಬ್ರಾಂದಿ" ಎಂದರು. ನಮ್ಮದು ಮರ್ಯಾದಸ್ಥರ ಬೀದಿ ಎಂದು ಆಗಿನ ಕಾಲಕ್ಕೆ ಹೆಸರಿತ್ತು.

"ನಂಗೆ ಯಾರ್ ಮ್ಯಾಲೂ ಸಿಟ್ಟಿಲ್ಲ" ಎಂದಳು ಸಾಕಮ್ಮ. "ಆದ್ರೆ ಮಳೆ ಬಂದ್ರೆ ಆರು ಕಟ್ಟಿ ಉಳ್ಬೇಕು. ಎತ್ತು ಕಾಲಿಕ್ಬೇಕು, ನಾವು ಬರಿಗಾಲಲ್ಲಿ ಸಾಲಿಗೆ ನಿಂತ್ಕಬೇಕು. ಈ ಸೀಸೆ ಮಿಕ್ಕ ಚೂರೆಲ್ಲ ಹೊಲದಾಗೇ ಅವೆ. ಸೀಸೆ ಯಾರ್ದೋ ಅವ್ರು ಬಂದು ಆಯ್ಕೊಟ್ಬುಡ್ಲಿ. ಅಷ್ಟೇಯಾ ನಾ ಕೇಳಾದು."

"ಯಾರೂ ಬರದೇ ಹೋದ್ರೆ?" ಎಂದರು ಸುಬ್ಬರಾಯರು.

"ನಮ್ ಗಾಡೀನೂ ಬರಾಕಿಲ್ಲ ಬುಡಿ."

ಇಂಥ ಕಡೆ ಸುಮ್ಮನಿರುವುದು ಮೇಷ್ಟ್ರ ಜಾಯಮಾನಕ್ಕೆ ಒಗ್ಗುವುದಿಲ್ಲ. ರಜೆ ಶುರುವಾಗಿ ಪಾಠ ಹೇಳದೆ ನನ್ನ ಬಾಯಿಯೂ ತುರಿಸುತ್ತಿತ್ತು. ಜಗಲಿಯ ಮೆಟ್ಟಿಲ ಮೇಲೆ ನಿಂತು ಮಾತು ಶುರುಮಾಡಿಯೇಬಿಟ್ಟೆ. ಕುಡಿಯುವುದು ದೊಡ್ಡ ದೋಷ, ಕುಡಿದು ಸೀಸೆಯನ್ನು ಒಡೆಯುವುದು ಅದಕ್ಕಿಂತ ದೊಡ್ಡದು, ಒಡೆದದ್ದನ್ನು ಬದನೆ ತೊಟ್ಟಿನ ಕೆಳಗೆ ಅಡಗಿಸುವುದು ಎಲ್ಲಕ್ಕಿಂತ ದೊಡ್ಡದು ಎಂದೆ. ಮೂರು ಬೆರಳು ಮಡಿಸಿ ತೋರಿಸಿದೆ. ಒಬ್ಬ ಹೆಂಗಸಿನ ಕಾಲು ಹೋಗುತ್ತಿತ್ತು, ಆ ಮನುಷ್ಯ ಯಾರೇ ಆಗಲಿ, ಇಲ್ಲೇ ನಮ್ಮ ನಡುವೆಯೇ ನಿಂತಿದ್ದಾನೆ, ಅವನಲ್ಲಿ ಮನುಷ್ಯತ್ವ ಎಂಬುದಿದ್ದರೆ ಧೈರ್ಯವಾಗಿ ಮುಂದೆ ಬಂದು ಒಪ್ಪಿಕೊಳ್ಳಬೇಕು ಎಂದು ಧ್ವನಿ ಏರಿಸುವ ಹೊತ್ತಿಗೆ, ಒಳಗಿನಿಂದ ಅವ್ವ ಕೂಗಿದಳು. "ಲೇ ಮಗಾ, ಒಂಚೂರು ಒಳಕ್ಕೆ ಬಾ."

ಅಡುಗೆಮನೆಯ ಕಂಬಕ್ಕೆ ಒರಗಿ ಅವ್ವ ನಿಂತಿದ್ದಳು. ಮುಖ ಸುಣ್ಣವಾಗಿತ್ತು. "ಆ ಸೀಸೆ ನಂದು ಕಣ್ಲಾ" ಎಂದಳು.

ನನಗೆ ನಗು ಬಂತು. ಅವಳ ಮುಖ ನೋಡಿ ನಗು ನಿಂತಿತು.

"ಮಂಡಿಗೆ ಉಜ್ಕೊ ಅಂತ ನಿಮ್ಮಾವ ತಂದ್ಕೊಟ್ಟಿದ್ದ." ನನ್ನ ಸೋದರಮಾವ ಚಿಕ್ಕಣ್ಣ ಕೊಡಗಿನ ಕಾಫಿ ತೋಟವೊಂದರಲ್ಲಿ ರೈಟರು. ಪಿರಿಯಾಪಟ್ಟಣದ ಮೇಲೆ ಬಸ್ಸಿನಲ್ಲಿ ಬಂದಾಗಲೆಲ್ಲ ಅಕ್ಕನಿಗೆ ಕಿತ್ತಳೆ, ಕಾಫಿಪುಡಿ ತರುತ್ತಿದ್ದ. ಇದನ್ನೂ ತಂದಿದ್ದನೆಂದು ನನಗೆ ಗೊತ್ತಿರಲಿಲ್ಲ.

ನನಗೆ ಜೀವ ಬಂದಂತಾಯಿತು. "ಉಜ್ಜೋದಕ್ಕೆ ತಾನೆ ಅವ್ವಾ? ಅದು ಔಷಧಿ, ಅದರಲ್ಲೇನು ತಪ್ಪು?"

"ಮೊದ್ಮೊದ್ಲು ಉಜ್ಕೊತಿದ್ದೆ."

"ಆಮೇಲೆ?"

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮ್ಯಾಲೆ ಉಜ್ಜಿದ್ರೆ ಒಳಕ್ಕೆ ಇಳಿಯಾದು ತಡ ಆಯ್ತದೆ ಅಂತ..."

ದಿನಾ ಸಂಜೆ ಅವ್ವ ಶುಂಠಿ ಕಷಾಯ ಕುಡಿದು, ಮುಖ ಕೆಂಪಗೆ ಮಾಡಿಕೊಂಡು, ತನ್ನ ಮದುವೆಯ ಸೋಬಾನೆ ಪದಗಳನ್ನು ಹೇಳುತ್ತ ಕೂರುತ್ತಿದ್ದುದು ಆಗ ನನ್ನ ಕಣ್ಣ ಮುಂದೆ ಬಂತು. ಪೇಟೆಯ ಶುಂಠಿಗೆ ಎಷ್ಟು ಖಾರ ಎಂದು ನಾನೂ ಸರೋಜಳೂ ಆಶ್ಚರ್ಯಪಟ್ಟಿದ್ದೆವು. ಸೀಸೆ ಖಾಲಿಯಾದಾಗ ಅವ್ವನಿಗೆ ಪೇಚಾಗಿತ್ತು. ಇಡಿಯ ಸೀಸೆಯನ್ನು ರಹಮಾನ್ ಸಾಬರು ಸಂತೋಷವಾಗಿ ತೆಗೆದುಕೊಳ್ಳುತ್ತಿದ್ದರು. ಆದರೆ ಬೀದಿಯ ಹಿರಿಯಳು ಬ್ರಾಂದಿ ಸೀಸೆ ಹಿಡಿದು ಬಾಗಿಲಿಗೆ ಹೋಗುವುದುಂಟೆ? ಬುಟ್ಟಿಗೆ ಹಾಕಿದರೆ ಸೊಸೆ ನೋಡುತ್ತಾಳೆ. ಅದಕ್ಕೆ ಗೋಣಿತಾಟಿನಲ್ಲಿ ಸುತ್ತಿ, ಗುಂಡುಕಲ್ಲಿನಿಂದ ಕುಟ್ಟಿ, ಬೂದಿಯಲ್ಲಿ ಬೆರೆಸಿ ಬುಟ್ಟಿಗೆ ಸುರಿದಿದ್ದಳು.

"ಆಯಸ್ಸೆಲ್ಲ ತಿಪ್ಪೆ ಹೊತ್ತ ಕೈಯಿ ಕಣ್ಲಾ ಇದು" ಎಂದಳು. "ಗೊಬ್ಬರದಾಗೆ ಒಂದು ಜಾಲಿಮುಳ್ಳು ಸಿಕ್ಕಿದ್ರೂ ಎತ್ತಿ ಬೇಲಿಗೆ ಎಸೀತಿದ್ದೆ. ನಾನೇ ಇಂಥಾ ಕೆಲ್ಸ ಮಾಡಿವ್ನಲ್ಲಾ. ಆ ಎಣ್ಣೆಂಗ್ಸು ಕಾಲು ಕಳ್ಕತಿದ್ಳು." ಕಣ್ಣೊರೆಸಿಕೊಂಡು, ಕುಂಟುತ್ತ ಬಾಗಿಲ ಕಡೆ ಹೊರಟೇಬಿಟ್ಟಳು. "ಬುಡು, ನಾನೇ ಓಗಿ ಯೋಳ್ತೀನಿ."

ನಾನು ಅಡ್ಡ ನಿಂತೆ. ಹೊರಗೆ ನಿಂತವರಲ್ಲಿ ಅವಳ ಕಾಲಿಗೆ ಬೀಳದವರು ಒಬ್ಬರೂ ಇರಲಿಲ್ಲ. ನಾಳೆಯಿಂದ ಅವಳ ಕಷಾಯದ ಮಾತು ಬೀದಿಯ ನಲ್ಲಿಯ ಹತ್ತಿರ ಹರಿಯುತ್ತದೆ. ಆ ನಗುವನ್ನು ಅವಳ ವಯಸ್ಸು ತಡೆಯಲಾರದು. ನನಗಾದರೋ ಕಳೆದುಕೊಳ್ಳಲು ಅಂಥ ಗೌರವವೇನೂ ಇರಲಿಲ್ಲ ಎಂದುಕೊಂಡೆ. ಅದು ತಪ್ಪು ಲೆಕ್ಕ ಎಂದು ಆಮೇಲೆ ತಿಳಿಯಿತು. ಅವಳನ್ನು ಮಣೆಯ ಮೇಲೆ ಕೂರಿಸಿ ಹೊರಗೆ ಬಂದೆ.

"ಮುಂದುವರಿಸಿ ಮೇಷ್ಟ್ರೇ" ಎಂದರು ಸುಬ್ಬರಾಯರು ಉತ್ಸಾಹದಿಂದ. "ಧೈರ್ಯವಾಗಿ ಒಪ್ಪಿಕೊಳ್ಳಬೇಕು ಅನ್ನೋವರೆಗೆ ಬಂದಿದ್ದಿರಿ."

"ಅದನ್ನೇ ಮಾಡ್ತಾ ಇದ್ದೇನೆ" ಎಂದೆ. "ಸೀಸೆ ನನ್ನದು."

ಅದೇ ಹೊತ್ತಿಗೆ ಸರೋಜ ನಲ್ಲಿಯಿಂದ ನೀರು ಹೊತ್ತು ಬಂದು ಗುಂಪಿನ ಹಿಂದೆ ನಿಂತಿದ್ದಳು. ಕೊಡ ಸೊಂಟದಿಂದ ಜಾರಿ ಬಿತ್ತು. ಪ್ಲಾಸ್ಟಿಕ್ಕಿನದಾದ್ದರಿಂದ ಕೊಡ ಉಳಿಯಿತು. ನನ್ನ ಮಾನ ಮಾತ್ರ ಮಣ್ಣಿನದು. ನಂಜಮ್ಮನವರು ಸೆರಗನ್ನು ಮುಖಕ್ಕೆ ಎಳೆದುಕೊಂಡರು. ಸುಬ್ಬರಾಯರು, ಕಪ್ಪು ಬಣ್ಣದ ಸೀಸೆಯನ್ನು ಬೀದಿ ಪೂರ್ತಿ ಮರೆತಿತೆಂದು ಖಾತ್ರಿಯಾಗಿ, ಮುಖ ಅರಳಿಸಿದರು. ಸಾಕಮ್ಮ ಒಬ್ಬಳೇ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ನೀವಾ?"

"ನಾನೇ."

"ಎಂಗೆ ಕುಡೀತಿದ್ರಿ ಮೇಷ್ಟ್ರೇ? ನೀರು ಬೆರಸ್ಕಂಡೋ, ಅಂಗೇಯೋ?"

ಈ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. "ಕಷಾಯದ ಜೊತೆ" ಎಂದೆ.

ಯಾರೋ ಕೆಮ್ಮಿದರು. ಸಾಕಮ್ಮ ನನ್ನ ಹೆಗಲಾಚೆ ಅರ್ಧ ತೆರೆದಿದ್ದ ಬಾಗಿಲನ್ನು ಒಂದು ಗಳಿಗೆ ನೋಡಿ, "ಆಗ್ಲಿ ಬುಡಿ. ನಾಳೀಕೆ ಗಾಡಿ ಕಳಿಸ್ತೀನಿ, ಹೊಲದ ತಾಕೆ ಬಂದ್ಬುಡಿ" ಎಂದಳು. ಗುಂಪು ಕರಗಿತು. ಅವರವರ ಬಲ್ಬು, ಸೆಲ್ಲುಗಳು ನಮ್ಮ ಜಗಲಿಯ ಮೇಲೆಯೇ ಉಳಿದವು. ತಪ್ಪಿತಸ್ಥನೊಬ್ಬ ಸಿಕ್ಕಮೇಲೆ ಉಳಿದ ತಪ್ಪುಗಳೂ ಅವನವೇ ತಾನೆ?

ಸರೋಜಳಿಗೆ ಒಳಗೆ ಹೋಗಿ ನಿಜ ಹೇಳಿದೆ. ಅವಳು ಸೀರೆಯ ನೀರು ಹಿಂಡುತ್ತ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಕುಡಿಯೋದಲ್ದೆ, ದೇವರಂಥ ಅತ್ತೆ ಮೇಲೆ ಹಾಕ್ತೀರಲ್ಲ. ಏನನ್ನಬೇಕು ನಿಮಗೆ?" ಎಂದಳು. ಅವ್ವ ಪಕ್ಕದಲ್ಲೇ ಕೂತು, "ಇಲ್ಲ ಕಣವ್ವ, ನಂದೇಯಾ ಅದು" ಎಂದಳು. "ನೋಡಿ, ಹೆತ್ತ ಕರುಳು ಹೇಗೆ ಮುಚ್ಚಿಹಾಕುತ್ತೆ ಅಂತ!" ಎಂದು ಸರೋಜ ಇನ್ನಷ್ಟು ಅತ್ತಳು.

ಮರುದಿನ ಗಾಡಿ ಬಂತು. ಅವ್ವ ಯಾರ ಮಾತೂ ಕೇಳದೆ ತಾನೂ ಹತ್ತಿದಳು. ಹೊಲದ ಬದುವಿನ ಮೇಲೊಂದು ಹುಣಸೆಮರ. ಅದರ ನೆರಳಲ್ಲಿ ಒಂದು ಕಡೆ ಮಂಡಿ ಬಾಗದ ಅವ್ವ, ಇನ್ನೊಂದು ಕಡೆ ಕಾಲು ಊರಲಾಗದ ಸಾಕಮ್ಮ ಕೂತರು. ಹೊಲಕ್ಕೆ ಇಳಿದವನು ನಾನು. ಗೊಬ್ಬರವನ್ನು ಕಡ್ಡಿಯಿಂದ ಕೆದಕಿ, ಕುಕ್ಕರಗಾಲಲ್ಲಿ ಸರಿಯುತ್ತ, ಗಾಜು ಆಯ್ದು ಡಬ್ಬಕ್ಕೆ ಹಾಕುವುದು ನನ್ನ ಕೆಲಸ. ಅವ್ವನಿಗೆ ಹತ್ತಿರದ್ದು ಕಾಣದು, ದೂರದ್ದು ಹದ್ದಿನಂತೆ ಕಾಣುತ್ತದೆ. "ಅಲ್ಲಿ ಮಿಣುಗುಟ್ತದೆ ನೋಡ್ಲಾ. ಅಲ್ಲಲ್ಲ, ನಿನ್ನ ಎಡ್ಗಡೆ. ಕಣ್ಣಿಲ್ವಾ?" ಎಂದು ಕೂತಲ್ಲಿಂದಲೇ ಉಳುಮೆ ಮಾಡಿಸುತ್ತಿದ್ದಳು. ಬಿಸಿಲೇರಿತು. ಸೊಂಟ ಹಿಡಿಯಿತು. ಮೊದಮೊದಲು ನಾನು ತಾಯಿಗಾಗಿ ಶಿಲುಬೆ ಹೊತ್ತವನಂತೆ ಒಳಗೊಳಗೇ ಉಬ್ಬಿದ್ದೆ. ಸ್ವಲ್ಪ ಹೊತ್ತಿನಲ್ಲಿ ಕಂದುಬಣ್ಣದ ಚೂರುಗಳ ಜೊತೆಗೆ ಬೇರೆ ಗಾಜೂ ಸಿಗತೊಡಗಿತು. ತೆಳ್ಳಗಿನದು, ಒಳಮೈಗೆ ಕೆಂಪು ಒಣಗಿ ಹಿಡಿದದ್ದು. ಒಂದು, ಮತ್ತೊಂದು, ಮತ್ತೂ ಒಂದು. ಕೆಂಪು ಶಾಯಿಯ ದೌತಿಗಳು. ನಮ್ಮ ಬೀದಿಯಲ್ಲಿ ಕೆಂಪು ಶಾಯಿ ಬಳಸುವವನು ಒಬ್ಬನೇ. ಪಕ್ಕದಲ್ಲಿ ಬ್ಲೇಡುಗಳೂ ಇದ್ದವು. ಉಳಿದ ಗಂಡಸರೆಲ್ಲ ಕ್ಷೌರದಂಗಡಿಗೆ ಹೋಗುತ್ತಿದ್ದರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರಿಗೂ ತೋರಿಸದೆ ಅವನ್ನು ಡಬ್ಬದ ತಳಕ್ಕೆ ಹಾಕಿ, ಮೇಲೆ ಬ್ರಾಂದಿಯ ಚೂರುಗಳನ್ನು ಹರಡಿದೆ. ಉಬ್ಬಿದ್ದು ಇಳಿಯಿತು. ಆಮೇಲೆ ಕೆಲಸ ಸ್ವಲ್ಪ ಚುರುಕಾಗಿ ಸಾಗಿತು.

ನೀರು ಕುಡಿಯಲು ಮರದ ಹತ್ತಿರ ಬಂದಾಗ ಅವ್ವ ಸಾಕಮ್ಮನ ಬಟ್ಟೆ ಸುತ್ತಿದ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು. "ಸೀಸೆ ನಂದು ಕಣವ್ವ, ಅವ್ನದಲ್ಲ" ಎನ್ನುತ್ತಿದ್ದಳು.

"ನಂಗೆ ನೆನ್ನೇನೇ ಗೊತ್ತಾಯ್ತು ಬುಡವ್ವ. ಕುಡಿಯೋರು ಯಾರಾರ ಕಷಾಯದಾಗೆ ಬೆರಸ್ತಾರಾ?" ಎಂದಳು ಸಾಕಮ್ಮ.

"ನಿನ್ನ ಕಾಲು ತಿಂದ್ಬುಟ್ಟಿದ್ದೆ ನಾನು."

"ಐತಲ್ಲ ಕಾಲು, ನೀನೇ ಇಡ್ಕಂಡಿದ್ದೀಯ. ಅಳ್ಬ್ಯಾಡ ಸುಮ್ಕಿರು." ಸಾಕಮ್ಮ ದನಿ ತಗ್ಗಿಸಿ ಕೇಳಿದಳು: "ಅದ್ಸರಿ, ಅದ್ರಿಂದ ಮಂಡಿ ವಾಸಿ ಆಯ್ತಾ?"

ಅವ್ವ ಪ್ರಾಮಾಣಿಕವಾಗಿ ಯೋಚಿಸಿದಳು. "ಮಂಡಿ ಅಂಗೇ ಅದೆ. ನೋಯ್ತದೆ ಅನ್ನೋ ಚಿಂತೆ ಇರಾಕಿಲ್ಲ."

ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ಮರ ಅಲ್ಲಾಡುವಂತೆ ನಕ್ಕರು. ನಿಜವನ್ನು ಬೀದಿಗೆ ಹೇಳಿಬಿಡುತ್ತೇನೆಂದು ಅವ್ವ ಹೊರಟಾಗ ಅವಳನ್ನು ತಡೆದವಳೂ ಸಾಕಮ್ಮನೇ. "ಮೇಷ್ಟ್ರು ನಿನ್ಗೋಸ್ಕರ ತಲೆ ಕೊಟ್ಟವ್ರೆ, ಕೊಟ್ಟ ತಲೆ ವಾಪಸ್ ಕೊಡ್ಬಾರ್ದು" ಎಂದಳು. ನನ್ನನ್ನು ಯಾರೂ ಕೇಳಲಿಲ್ಲ.

ಮಳೆ ಬಂತು. ಆ ಹೊಲದಲ್ಲಿ ಆರು ಕಟ್ಟಿ ಉತ್ತರು, ಬಿತ್ತಿದರು, ಕಳೆ ಕಿತ್ತರು. ಎತ್ತಿನ ಗೊರಸಿಗಾಗಲಿ ಮನುಷ್ಯರ ಪಾದಕ್ಕಾಗಲಿ ಏನೂ ಆಗಲಿಲ್ಲ. ಸಾಕಮ್ಮ ಮೆಲ್ಲಮೆಲ್ಲನೆ ಕೋಲು ಬಿಟ್ಟು ನಡೆದಳು. ಗಾಡಿ ಮತ್ತೆ ಬೀದಿಗೆ ಬಂತು, ಆದರೆ ಈಗ ಗಂಡನ ಜೊತೆ ಅವಳೂ ಬರುತ್ತಿದ್ದಳು. ಪ್ರತಿ ಬುಟ್ಟಿಯನ್ನೂ ಮನೆಯವರ ಎದುರಿಗೇ ನೆಲಕ್ಕೆ ಸುರಿದು, ಕೋಲಿನಿಂದ ಕೆದಕಿ ನೋಡಿ, ಆಮೇಲೆಯೇ ಗಾಡಿಗೆ ಹಾಕುವುದು. ತಿಪ್ಪೆಗೆ ಸಲ್ಲದ್ದು ಸಿಕ್ಕಿದರೆ ಏನು ಮಾಡಬೇಕು? ಬೀದಿ ಇದಕ್ಕೊಂದು ಸುಲಭದ ದಾರಿ ಕಂಡುಕೊಂಡಿತು. "ಮೇಷ್ಟ್ರ ಮನೆಗೆ ಕೊಡಿ, ಅವರ ಹತ್ರ ಮೊದಲೇ ಇದೆ" ಎಂದು ಬಲ್ಬು, ಸೆಲ್ಲು, ಬಳೆಚೂರುಗಳನ್ನೆಲ್ಲ ನಮ್ಮ ಜಗಲಿಗೆ ತಂದಿಡತೊಡಗಿದರು. ನಾನು ಹಿತ್ತಿಲಲ್ಲಿ ಆಳವಾದ ಗುಂಡಿ ತೋಡಿ, ಅದರ ಮೇಲೊಂದು ಚಪ್ಪಡಿ ಮುಚ್ಚಿ, ಎಲ್ಲವನ್ನೂ ಅದರೊಳಗೆ ಹಾಕಿದೆ. ಕುಡುಕ ಮೇಷ್ಟ್ರು ಹಿತ್ತಿಲಲ್ಲಿ ಸೀಸೆ ಹೂಳುತ್ತಾರೆ ಎಂಬ ಸುದ್ದಿ ಅದರ ಬೆನ್ನಿಗೇ ಹುಟ್ಟಿತು.

ಸುದ್ದಿ ಎಚ್.ಡಿ. ಕೋಟೆಯ ಬಸ್ಸು ಹತ್ತಿ ಸರೋಜಳ ತಂದೆ, ನನ್ನ ಮಾವನವರನ್ನೂ ಮುಟ್ಟಿತು. ಅವರು ಒಂದು ಕುಂಬಳಕಾಯಿ ಹಿಡಿದು ದಿಢೀರೆಂದು ಬಂದರು. ಮಳೆಬೆಳೆ ವಿಚಾರಿಸಿದರು. ಆಮೇಲೆ ಏನೋ ಗುಟ್ಟು ಹೇಳುವವರಂತೆ ನನ್ನ ಮುಖದ ಹತ್ತಿರ ಮುಖ ತಂದು, ಏನೂ ಹೇಳದೆ ಜೋರಾಗಿ ಉಸಿರೆಳೆದುಕೊಂಡು ಹಿಂದೆ ಸರಿದರು. ದಿನವಿಡೀ ಹೀಗೆ ಹಲವು ಗುಟ್ಟುಗಳನ್ನು ಹೇಳಲು ಬಂದು ಹೇಳದೆಯೇ ಹೋದರು. ಏನೂ ವಾಸನೆ ಸಿಗದಿರಲು ಇನ್ನೂ ಹೆದರಿ, "ಬಹಳ ಪಳಗಿದ ಕೈ" ಎಂದು ಮಗಳಿಗೆ ಹೇಳಿ ಬಸ್ಸು ಹತ್ತಿದರಂತೆ.

ಸರೋಜಳ ಕಣ್ಣು ತೆರೆಸಿದವನು ನನ್ನ ಸೋದರಮಾವ ಚಿಕ್ಕಣ್ಣ. ಒಂದು ದಿನ ಪೇಪರಿನಲ್ಲಿ ಸುತ್ತಿದ ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ಬಂದವನು, ಬಾಗಿಲಲ್ಲೇ, "ಅಕ್ಕ ಎಲ್ಲವ್ಳೆ? ಮಂಡಿ ಔಷ್ದಿ ಮುಗ್ದಿರ್ಬೇಕು" ಎಂದ. ಸರೋಜ ಪೊಟ್ಟಣ ಬಿಚ್ಚಿ ನೋಡಿದಳು. ಅವತ್ತು ನನಗೆ ಒಬ್ಬಟ್ಟು ಸಿಕ್ಕಿತು. ಅಂದಿನಿಂದ ಆ ಔಷಧಿ ಅವಳ ಸುಪರ್ದಿಗೆ ಹೋಯಿತು. ಡಾಕ್ಟರೊಬ್ಬರಿಂದ ಅವ್ವನ ಮಂಡಿಗೆ ನಿಜವಾದ ಎಣ್ಣೆಯನ್ನೂ ತರಿಸಿದಳು. ಚಿಕ್ಕಣ್ಣ ತಂದದ್ದನ್ನು ಮಾತ್ರ ತಿಂಗಳುಗಟ್ಟಲೆ ಬರುವಂತೆ ಚಮಚದಲ್ಲಿ ಅಳೆದು ಕೊಟ್ಟಳು. ಸೀಸೆ ಖಾಲಿಯಾದಾಗ ಒಡೆಯಲಿಲ್ಲ, ಮುಚ್ಚಿಡಲಿಲ್ಲ. ಚೆನ್ನಾಗಿ ತೊಳೆದು ರಹಮಾನ್ ಸಾಬರಿಗೇ ಕೊಟ್ಟಳು. ಸಾಬರು ಸೀಸೆ ತಿರುಗಿಸಿ ನೋಡಿ, "ಯಾರ್ದಮ್ಮಾ ಇದು?" ಎಂದರು. "ನಮ್ಮ ಯಜಮಾನರದು" ಎಂದಳು ಸರೋಜ, ತಲೆ ಎತ್ತಿ, ಬೀದಿಗೆಲ್ಲ ಕೇಳುವಂತೆ. ಅದಾದ ಕೆಲವೇ ದಿನಕ್ಕೆ ಸುಬ್ಬರಾಯರು ನಮ್ಮ ಜಗಲಿಗೆ ಬಂದು ದೇಶದ ಪರಿಸ್ಥಿತಿ, ಹಾಲಿನ ಗುಣಮಟ್ಟ ಎಲ್ಲ ಮಾತಾಡಿ, ಕೊನೆಗೆ ತಗ್ಗಿದ ದನಿಯಲ್ಲಿ, "ಈ ನಡುವೆ ನನಗೂ ಮಂಡಿನೋವು ಮೇಷ್ಟ್ರೇ. ನಿಮಗೆ ಎಲ್ಲಿಂದಲೋ ಸಿಗುತ್ತೆ ಅಂತ ಕೇಳಿದೆ..." ಎಂದರು.

ಜನರ ಬಾಯಿ ಹೀಗೆ ನನ್ನ ಕುಡಿತದ ಸುದ್ದಿಯನ್ನೇ ಅರೆದು ಅರೆದು, ಕೊನೆಗೆ ಅವ್ವನ ಕಿವಿಗೂ ಅದು ನಿಜದಂತೆಯೇ ಕೇಳಿಸತೊಡಗಿತೇನೋ. ಒಂದು ಮಧ್ಯಾಹ್ನ ನಾನು ಊಟ ಮಾಡುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತು, ನನ್ನ ತಲೆ ಸವರಿ, ತುಂಬ ನೊಂದ ದನಿಯಲ್ಲಿ ಹೇಳಿದಳು: "ಏನೇ ಆಗ್ಲಿ ಮಗಾ, ನೀನು ಆ ಚಟ ಬುಟ್ಬುಡು ಕಣಪ್ಪ. ಜನ ಆಡ್ಕೋತಾರೆ. ನಂಗೆ ತಡ್ಯಕ್ಕಾಗಾಕಿಲ್ಲ."

ನಾನು ತುತ್ತನ್ನು ಹಿಡಿದೇ ಅವಳನ್ನು ನೋಡಿದೆ. ತಮಾಷೆಯ ಸುಳಿವೇ ಇರಲಿಲ್ಲ. ಸರೋಜ ನಗು ತಡೆಯಲಾರದೆ ಒಲೆಯ ಕಡೆ ತಿರುಗಿದಳು. "ಆಗಲಿ ಅವ್ವಾ, ಬಿಟ್ಟೆ" ಎಂದೆ. ಅವಳು ಬಿಡಲಿಲ್ಲ, ತನ್ನ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಳು. ಆ ಸಂಜೆಯೇ ಬೀದಿಯ ಪ್ರತಿ ಮನೆಗೂ ಕುಂಟುತ್ತ ಹೋಗಿ, "ನನ್ ಮಗ ಬುಟ್ಬುಟ್ಟ ಕಣ್ರವ್ವ" ಎಂದು ಹೇಳಿ ಸಕ್ಕರೆ ಹಂಚಿ ಬಂದಳು.

ಶಾಲೆಯಲ್ಲಿ ಪಾನನಿರೋಧ ಸಪ್ತಾಹ ಬಂದಾಗ ಹೆಡ್‌ಮಾಸ್ಟರು ಬೇರೆ ಭಾಷಣಕಾರರನ್ನು ಹುಡುಕುವ ಗೋಜಿಗೇ ಹೋಗಲಿಲ್ಲ. ಬೀದಿಯವರೆಲ್ಲ ಬಂದಿದ್ದರು. ಬೋರೇಗೌಡ, ಸಾಕಮ್ಮ ಕೂಡ ಗಾಡಿ ಕಟ್ಟಿಕೊಂಡು ಬಂದಿದ್ದರು. ಮುಂದಿನ ಸಾಲಿನಲ್ಲಿ ಸಾಕಮ್ಮನ ಪಕ್ಕ ಅವ್ವ, ಹೊಸ ಸೀರೆಯುಟ್ಟು, ಆಗಲೇ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು. "ಇವರು ಪುಸ್ತಕದಿಂದ ಓದಿ ಹೇಳುವವರಲ್ಲ. ಸ್ವತಃ ಅನುಭವಿಸಿ, ಗೆದ್ದು ಬಂದವರು" ಎಂದು ಹೆಡ್‌ಮಾಸ್ಟರು ನನ್ನ ಬೆನ್ನು ತಟ್ಟಿ ಮುಂದೆ ಬಿಟ್ಟರು. ಚಪ್ಪಾಳೆಯಾಯಿತು. ಕುಡಿತದಿಂದ ಸಂಸಾರ ಹೇಗೆ ಹಾಳಾಗುತ್ತದೆ, ಮಾನ ಹೇಗೆ ಹೋಗುತ್ತದೆ ಎಂದು ನಾನು ಅನುಭವದಿಂದಲೇ ಹೇಳಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮಾತಿನ ಓಘದಲ್ಲಿ, "ಮಕ್ಕಳೇ, ಆ ವಿಷವನ್ನು ಮೊದಲ ಸಲ ಬಾಯಿಗೆ ಹಾಕಿದಾಗ ಹೇಗಿರುತ್ತದೆ ಗೊತ್ತೇ?" ಎಂದು ಕೇಳಿಬಿಟ್ಟೆ.

ಕೇಳಿದ ಮೇಲೆ ನನಗೂ ಗೊತ್ತಿಲ್ಲವೆಂದು ಹೊಳೆಯಿತು. ಸಭೆ ಕಾದಿತ್ತು. ದಿಕ್ಕು ತೋಚದೆ ಮುಂದಿನ ಸಾಲಿನ ಕಡೆ ನೋಡಿದೆ. ಅವ್ವ ಅತ್ತಿತ್ತ ನೋಡಿ, ಸೆರಗನ್ನು ಬಾಯಿಗೆ ಮರೆಮಾಡಿಕೊಂಡು, ತುಟಿ ಮಾತ್ರ ಅಲ್ಲಾಡಿಸಿ ಹೇಳಿಕೊಟ್ಟಳು: "ಸುಡ್ತದೆ."

"ಸುಡುತ್ತದೆ!" ಎಂದೆ ನಾನು, ಮೇಜು ಗುದ್ದಿ. ಅಷ್ಟು ಚಪ್ಪಾಳೆ ನನಗೆ ಅದಕ್ಕೆ ಮುಂಚೆಯೂ ಬಿದ್ದಿರಲಿಲ್ಲ, ಆಮೇಲೂ ಬೀಳಲಿಲ್ಲ.